ಮಲೆನಾಡಿನ ಕನ್ನಡ ಶಾಲೆ ಮಕ್ಕಳಿಗೆ ಬುದ್ಧಿಮತ್ತೆ ಪರೀಕ್ಷೆ: ಅನುವಾದ ಮುಗಿದಿದೆ, ಮುಂದೇನು?

ತುಂಗಾದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಸರ್ಕಾರಿ ಕನ್ನಡ ಶಾಲೆಗಳಲ್ಲಿ 6ರಿಂದ 9 ವರ್ಷದ ಮಕ್ಕಳ ಅಧ್ಯಯನವೊಂದು ಶುರುವಾಗಲಿದೆ. ರಕ್ತಹೀನತೆ ಇರುವ ಮಕ್ಕಳಿಗೂ (ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 11.5 ಗ್ರಾಂಗಿಂತ ಕಡಿಮೆ) ಇಲ್ಲದ ಮಕ್ಕಳಿಗೂ ನೆನಪು, ತರ್ಕ, ಮಾತಿನ ತಿಳಿವಳಿಕೆಯಲ್ಲಿ ವ್ಯತ್ಯಾಸ ಇದೆಯೇ ಎಂದು ನೋಡಬೇಕು. ಅದಕ್ಕೆ ಇಂಗ್ಲಿಷಿನ ಒಂದು ಬುದ್ಧಿಮತ್ತೆ ಪರೀಕ್ಷೆ ಆರಿಸಿಕೊಂಡಿದ್ದೇವೆ. ಪ್ರಕಾಶಕರಿಂದ ಅನುಮತಿ ಬಂದಿದೆ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತಂದಿದ್ದಾರೆ, ಮೂರನೆಯವರು ಮೂಲ ನೋಡದೆ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದಾರೆ. ಮೂಲಕ್ಕೂ ತಿರುಗಿಸಿದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಈಗ ಬಂದಿರುವ ಸಲಹೆ: 120 ಮಕ್ಕಳಿಗೆ ಕೊಟ್ಟು ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಲೆಕ್ಕ ಹಾಕಿ, ಅದೇ ಮಕ್ಕಳಿಂದ ಮಲೆನಾಡಿನ ನಾರ್ಮ್ಸ್ (ಆಯಾ ವಯಸ್ಸಿನ ಮಕ್ಕಳ ಅಂಕದ ಕೋಷ್ಟಕ) ಮಾಡಿ, ಆಮೇಲೆ ಅಧ್ಯಯನಕ್ಕೆ ಇಳಿಯಿರಿ. ಇಷ್ಟು ಸಾಕೆ? ಇದಕ್ಕಿಂತ ಕನ್ನಡದಲ್ಲಿ ಆಗಲೇ ಇರುವ ಬಿಕೆಟಿ (ಬಿನೆ-ಕಾಮತ್ ಪರೀಕ್ಷೆ) ಅಥವಾ ಮಾಲಿನ್ ಮಾಪಕ ಹಿಡಿಯುವುದು ಒಳ್ಳೆಯದೆ? ಭಾಷೆಯೇ ಬೇಡದ ರೇವನ್ ಬಣ್ಣದ ಪುಸ್ತಕ (ಚಿತ್ರದ ಖಾಲಿ ಜಾಗಕ್ಕೆ ಸರಿಯಾದ ತುಂಡು ಆರಿಸುವ ಪರೀಕ್ಷೆ) ಕೊಟ್ಟುಬಿಟ್ಟರೆ ಈ ತಲೆನೋವೇ ಇರುವುದಿಲ್ಲ ಎನ್ನುವವರೂ ಇದ್ದಾರೆ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರೇ. ಆದರೆ ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ ಆಗಿರುವವರು ಸಾಕಷ್ಟಿದ್ದಾರೆ.

ಮಾಪನಕಟ್ಟೆ

ಮೊದಲು ಹಳೆಯ ಪರೀಕ್ಷೆಗಳ ವಿಷಯ. ಕನ್ನಡದ ಮಕ್ಕಳಿಗೆ ಪರೀಕ್ಷೆ ಒಗ್ಗಿಸುವ ಕೆಲಸ ನಮ್ಮಲ್ಲಿ ಬಹಳ ಹಿಂದೆಯೇ ಆಗಿದೆ. ಬಿನೆ ಪರೀಕ್ಷೆಯ 1916ರ ಸ್ಟ್ಯಾನ್‌ಫರ್ಡ್ ಆವೃತ್ತಿಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್, 1930ರ ದಶಕದಲ್ಲಿ, ಧಾರವಾಡದ ಕಡೆ. ಬಿಕೆಟಿಯ ಬೇರು ಅಲ್ಲಿದೆ. ಮಾಲಿನ್ ಅವರು ನಾಗಪುರದಲ್ಲಿ 1949ರ ವೆಕ್ಸ್ಲರ್ ಮಕ್ಕಳ ಮಾಪಕವನ್ನು ಭಾರತದ ಮಕ್ಕಳಿಗೆ ಹೊಂದಿಸಿದ್ದು 1969ರಲ್ಲಿ. ಎರಡೂ ಅವರವರ ಕಾಲಕ್ಕೆ ದೊಡ್ಡ ಕೆಲಸವೇ. ಆದರೆ ನಿಮ್ಮ ಮಕ್ಕಳನ್ನು ಅಂದಿನ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಅಳೆಯುವುದಕ್ಕೆ ಎರಡು ಅಡ್ಡಿಗಳಿವೆ.

ಒಂದು, ನಾರ್ಮ್ಸ್ ಹಳತಾಗುತ್ತವೆ. ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದಂತೆ ಅಮೆರಿಕದಲ್ಲಿ ಸರಾಸರಿ ಅಂಕ ದಶಕಕ್ಕೆ ಸುಮಾರು 3ರಷ್ಟು ಏರುತ್ತ ಬಂದಿತ್ತು. ಹಳೆಯ ಕೋಷ್ಟಕ ಹಿಡಿದರೆ ಇಂದಿನ ಮಗು ಇರುವುದಕ್ಕಿಂತ ಜಾಣನಾಗಿ ಕಾಣುತ್ತದೆ. ನಮ್ಮಲ್ಲಿ ಏರಿಕೆ ಅಷ್ಟೇ ಇತ್ತು ಎಂದು ಊಹಿಸಿ 3ರ ಲೆಕ್ಕ ಕಳೆಯುವುದೂ ಸರಿಯಲ್ಲ.

ಎರಡು, ಬಿಕೆಟಿ ಕೊಡುವುದು ಅನುಪಾತದ ಐಕ್ಯೂ: ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ಇಲ್ಲಿ ವಯಸ್ಸಿನ ತಪ್ಪು ನೇರವಾಗಿ ಅಂಕಕ್ಕೆ ಇಳಿಯುತ್ತದೆ. ಮಾನಸಿಕ ವಯಸ್ಸು 84 ತಿಂಗಳು, ನಿಜ ವಯಸ್ಸು 96 ತಿಂಗಳು ಆದರೆ 87.5 ಬರುತ್ತದೆ. ಶಾಲೆಗೆ ಸೇರಿಸುವಾಗ ಜನ್ಮದಿನವನ್ನು ಆರು ತಿಂಗಳು ಹಿಂದೆ ಬರೆಸಿದ್ದರೆ ಅದೇ ಮಗುವಿಗೆ 82.4.

ಇನ್ನು ನಿಮ್ಮ 120 ಮಕ್ಕಳ ನಾರ್ಮ್ಸ್. ದಯವಿಟ್ಟು ಮಾಡಬೇಡಿ. 6, 7, 8, 9 ಎಂದು ನಾಲ್ಕು ವಯಸ್ಸು ಇಟ್ಟುಕೊಂಡರೆ ವಯಸ್ಸಿಗೆ 30 ಮಕ್ಕಳು. ಸರಾಸರಿ 100, ಹರಡಿಕೆ (ಸ್ಟ್ಯಾಂಡರ್ಡ್ ಡೀವಿಯೇಶನ್) 15 ಅಂಕ ಇರುವ ಮಾಪಕದಲ್ಲಿ 30 ಮಕ್ಕಳ ಸರಾಸರಿಯೇ ಆಚೀಚೆ 5 ಅಂಕದಷ್ಟು ಅಲ್ಲಾಡುತ್ತದೆ. ಸರಾಸರಿಯ ಪಾಡು ಹೀಗಿದ್ದರೆ ತುದಿಗಳ ಪಾಡು ಇನ್ನೂ ಕಷ್ಟ: 70ಕ್ಕಿಂತ ಕೆಳಗೆ ಬರಬೇಕಾದವರು ನೂರಕ್ಕೆ ಸುಮಾರು 2.3, ಅಂದರೆ 30ರಲ್ಲಿ ಒಬ್ಬರೂ ಪೂರ್ತಿ ಸಿಗುವುದಿಲ್ಲ. ಯಾರಿಗಾಗಿ ಕೋಷ್ಟಕ ಬೇಕೋ ಅವರೇ ನಿಮ್ಮ ಸ್ಯಾಂಪಲ್ಲಿನಲ್ಲಿ ಇರುವುದಿಲ್ಲ. ಅಂಥ ಕೋಷ್ಟಕ ಒಮ್ಮೆ ಅಚ್ಚಾದರೆ ಯಾರೋ ಅದನ್ನು ಹಿಡಿದು ಯಾವುದೋ ಮಗುವಿಗೆ ಹಣೆಪಟ್ಟಿ ಹಚ್ಚುತ್ತಾರೆ.

ಸಮಾಧಾನದ ಸಂಗತಿ ಏನೆಂದರೆ ನಿಮ್ಮ ಪ್ರಶ್ನೆಗೆ ನಾರ್ಮ್ಸ್ ಬೇಕಾಗಿಯೇ ಇಲ್ಲ. ನೀವು ಹೋಲಿಸುವುದು ಎರಡು ಗುಂಪುಗಳನ್ನು. ಕಚ್ಚಾ ಅಂಕ (ಗಳಿಸಿದ ಅಂಕಗಳ ನೇರ ಮೊತ್ತ) ತೆಗೆದುಕೊಳ್ಳಿ, ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ವಿಶ್ಲೇಷಣೆಗೆ ಸೇರಿಸಿ, ಮುಗಿಯಿತು. ನಾರ್ಮ್ಸಿಗೆ ಹಾಕುವ ಶ್ರಮವನ್ನೆಲ್ಲ ಐಟಂಗಳ ಮೇಲೆ, ಅಂದರೆ ಪರೀಕ್ಷೆಯ ಒಂದೊಂದು ಪ್ರಶ್ನೆಯ ಮೇಲೆ, ಹಾಕಿ.

ಕಾಲುಸಂಕ

ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಐಟಂಗಳ ಮೇಲೆ ಶ್ರಮ ಯಾಕೆ ಎಂಬುದನ್ನು ನಿಮ್ಮ ಅಧ್ಯಯನಕ್ಕೇ ಹಚ್ಚಿ ಹೇಳುತ್ತೇನೆ. ರಕ್ತಹೀನತೆ ಬಡತನದ ಮನೆಗಳಲ್ಲಿ ಹೆಚ್ಚು. ಅದೇ ಮನೆಗಳಲ್ಲಿ ಚಿತ್ರಪುಸ್ತಕ, ಬಣ್ಣದ ಬ್ಲಾಕು, ಒಗಟಿನ ಆಟ ಕಡಿಮೆ. ಪರೀಕ್ಷೆಯಲ್ಲಿ ಆ ಮಕ್ಕಳು ಕಂಡೇ ಇರದ ವಸ್ತುಗಳು ತುಂಬಿದ್ದರೆ ಅವರ ಅಂಕ ಇಳಿಯುತ್ತದೆ. ನೀವು ಅದನ್ನು ಕಬ್ಬಿಣದ ಕೊರತೆಯ ಪರಿಣಾಮ ಎಂದು ಬರೆಯುತ್ತೀರಿ. ಪರೀಕ್ಷೆಯ ದೋಷ ನೀವು ಹುಡುಕುತ್ತಿರುವ ಉತ್ತರದ ವೇಷದಲ್ಲೇ ಬರುತ್ತದೆ. ಮನೆಯ ಸ್ಥಿತಿಗತಿಯನ್ನು ವಿಶ್ಲೇಷಣೆಗೆ ಸೇರಿಸಿದರೂ ಇದು ಪೂರ್ತಿ ತೊಲಗುವುದಿಲ್ಲ.

ತಿರುಗುಅನುವಾದ ಹೊಂದಿದೆ ಎಂದಮಾತ್ರಕ್ಕೆ ನಿಶ್ಚಿಂತೆ ಬೇಡ. ಪದಕ್ಕೆ ಪದ ಇಟ್ಟ ಕೆಟ್ಟ ಕನ್ನಡವೇ ಇಂಗ್ಲಿಷಿಗೆ ಚೆನ್ನಾಗಿ ವಾಪಸು ಹೋಗುತ್ತದೆ. ಏಳು ವರ್ಷದ ಮಗುವಿಗೆ ಸೂಚನೆ ಅರ್ಥವಾಯಿತೋ ಇಲ್ಲವೋ ಎಂಬುದು ಹಾಗೆ ತಾಳೆ ನೋಡುವುದರಲ್ಲಿ ಕಾಣುವುದೇ ಇಲ್ಲ.

ಈ ಕೆಲಸಕ್ಕೆ ನಮ್ಮದೇ ನೆಲದ ಒಳ್ಳೆಯ ಮಾದರಿ ಇದೆ. ಮಲ್ಡಾ, ವ್ಯಾನ್ ಡೆ ವೈವರ್ ಮತ್ತು ಸಂಗಡಿಗರು ಕೌಫ್‌ಮನ್ ಮಕ್ಕಳ ಮಾಪಕದ ಎರಡನೇ ಆವೃತ್ತಿಯನ್ನು ಬೆಂಗಳೂರಿನ ಬಡ ಕುಟುಂಬಗಳ 6ರಿಂದ 10 ವರ್ಷದ ಕನ್ನಡ ಮಕ್ಕಳಿಗೆ ಹೊಂದಿಸಿ, ಹೊಂದಿಸಿದ ಬಗೆಯನ್ನು 2008ರಲ್ಲೂ, ಅದರ ಸಿಂಧುತ್ವವನ್ನು (ಅಳೆಯಬೇಕಾದ್ದನ್ನೇ ಅಳೆಯುತ್ತದೆಯೇ ಎಂಬುದನ್ನು) 2010ರಲ್ಲೂ ಪ್ರಕಟಿಸಿದರು. ಪ್ರತಿ ಬದಲಾವಣೆಗೂ ಕಾರಣ ಯಾವುದು ಎಂದು ಅವರು ವಿಂಗಡಿಸಿದ್ದು ನನಗೆ ಬಹಳ ಉಪಯುಕ್ತವಾಗಿ ಕಾಣುತ್ತದೆ: ಅಳೆಯಬೇಕಾದ ಗುಣವೇ ಇಲ್ಲಿ ಬೇರೆ ರೂಪದಲ್ಲಿದೆಯೇ, ಭಾಷೆಯ ರಚನೆ ಅಡ್ಡ ಬರುತ್ತದೆಯೇ, ರೂಢಿ ನಂಬಿಕೆಗಳೇ, ಪರೀಕ್ಷೆಯ ಹಿಂದಿನ ಸಿದ್ಧಾಂತ ಬೇಡುವ ಬದಲಾವಣೆಯೇ, ಇಲ್ಲವೇ ವಸ್ತುವಿನ ಪರಿಚಯವೇ ಇಲ್ಲವೇ. ನೀವೂ ಒಂದು ನೋಟ್‌ಬುಕ್ಕಿನಲ್ಲಿ ಐಟಂ ಸಂಖ್ಯೆ, ಮೂಲ ರೂಪ, ಹೊಸ ರೂಪ, ಕಾರಣ, ಪೈಲಟ್‌ನಲ್ಲಿ (ಮೊದಲ ಪ್ರಯೋಗದಲ್ಲಿ) ಏನಾಯಿತು ಎಂದು ಐದು ಕಾಲಂ ಹಾಕಿ ಬರೆಯುತ್ತ ಹೋಗಿ. ಇದಿಲ್ಲದಿದ್ದರೆ ಆರು ತಿಂಗಳ ನಂತರ ಯಾವ ಚಿತ್ರ ಯಾಕೆ ಬದಲಾಯಿತು ಎಂದು ಯಾರಿಗೂ ನೆನಪಿರುವುದಿಲ್ಲ.

ಈಗ ಎಲ್ಲೆಲ್ಲಿ ಎಡವುತ್ತೀರಿ ಎಂಬುದು. ನಿಜವಾದ ಐಟಂಗಳನ್ನು ಇಂಥ ಕಡೆ ಬರೆಯಬಾರದು, ಕೆಳಗಿನ ಉದಾಹರಣೆಗಳೆಲ್ಲ ಕಟ್ಟಿದವು.

ಅಂಕಿ ನೆನಪು, ಅಂದರೆ ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಹೇಳುವುದು. ಇಂಗ್ಲಿಷಿನಲ್ಲಿ ಒಂದರಿಂದ ಹತ್ತರವರೆಗೆ ‘ಸೆವೆನ್’ ಒಂದನ್ನು ಬಿಟ್ಟರೆ ಎಲ್ಲವೂ ಒಂದೇ ಉಚ್ಚಾರಾಂಶದವು. ನಮ್ಮವು ಎರಡು, ಮೂರು ಅಕ್ಷರದವು. ಹೇಳಲು ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ. ವೇಲ್ಸ್ ಭಾಷೆಯ ಬಗ್ಗೆ ಎಲಿಸ್ ಮತ್ತು ಹೆನೆಲಿ 1980ರಲ್ಲಿ ಇದನ್ನೇ ತೋರಿಸಿದ್ದು. ಹಾಗಾಗಿ ಇಂಗ್ಲಿಷ್ ಕೋಷ್ಟಕದ ಪಕ್ಕ ಕನ್ನಡದ ಅಂಕ ಇಡುವ ಹಾಗಿಲ್ಲ. ಕನ್ನಡದ ಒಳಗೂ ಸಮ ಮಾಡಬೇಕು: ‘ಎರಡು’, ‘ಒಂಬತ್ತು’ ಬಿಡಿ. ಉಳಿದ ಒಂದು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು ಎರಡಕ್ಷರದವೇ. ಆರು-ಮೂರು ಪಕ್ಕಪಕ್ಕ ಬರದಂತೆ ನೋಡಿ, ಪ್ರಾಸ ಕೂಡಿದರೆ ಮಗು ಒಂದನ್ನು ಇನ್ನೊಂದಾಗಿ ಹೇಳುತ್ತದೆ. ಸೆಕೆಂಡಿಗೆ ಒಂದರಂತೆ, ಕೊನೆಯಲ್ಲಿ ರಾಗ ಎಳೆಯದೆ ಓದಬೇಕು. ಹೆಸರು ಕೇಳಿ ಚಿತ್ರಗಳನ್ನು ಅದೇ ಕ್ರಮದಲ್ಲಿ ಮುಟ್ಟುವ ಸಬ್‌ಟೆಸ್ಟ್ (ಉಪಪರೀಕ್ಷೆ) ಇದ್ದರೆ ಅಲ್ಲಿಯೂ ಇದೇ ಜಾಗ್ರತೆ. ‘ಮರ’ ಇರುವ ಸಾಲಿನಲ್ಲಿ ‘ಬೀಗದಕೈ’ ಸೇರಿಸಿದರೆ ಆ ಸಾಲಿನ ತೂಕವೇ ಬದಲಾಗುತ್ತದೆ.

ಹೋಲಿಕೆ ಹೇಳುವ ಐಟಂ. ‘ಅಡಿಕೆ, ಕಾಳುಮೆಣಸು: ಎರಡರಲ್ಲಿ ಏನು ಒಂದೇ ತರ ಇದೆ?’ ಎಂದು ಕೇಳಿದರೆ ‘ಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬುತ್ತೆ’ ಎನ್ನುವ ಮಗು ಇಲ್ಲಿ ಧಾರಾಳ. ಮ್ಯಾನ್ಯುಯಲ್ಲಿನಂತೆ ‘ಎರಡೂ ಬೆಳೆ’ ಎಂದರೆ ಮಾತ್ರ ಪೂರ್ತಿ ಅಂಕ. ಮಗುವಿಗೆ ವರ್ಗ ಮಾಡಲು ಬರುವುದಿಲ್ಲವೋ, ನೀವು ಯಾವ ಬಗೆಯ ಉತ್ತರ ಬಯಸುತ್ತೀರಿ ಎಂಬುದು ಗೊತ್ತಿಲ್ಲವೋ? ತಿಳಿಯಲು ಒಂದೇ ದಾರಿ: ಮೊದಲ ಎರಡು ಐಟಂಗಳನ್ನು ಕಲಿಸುವ ಐಟಂ ಮಾಡಿ, ತಪ್ಪಿದರೆ ಉತ್ತರವನ್ನು ನೀವೇ ಹೇಳಿಕೊಡಿ, ಮೂರನೆಯದರಿಂದ ಅಂಕ ಹಾಕಿ. ಸಂಬಂಧ ಹೇಳುವ ಉತ್ತರಗಳಿಗೆ ಬೇರೆ ಕೋಡ್ ಇಟ್ಟು ದಾಖಲಿಸಿ, ಸೊನ್ನೆ ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಚಿತ್ರಗಳು. ಹೊಗೆ ಹೆಂಚಿನ ಸಂದಿಯಲ್ಲೇ ಹೋಗುವ ಅಡುಗೆಮನೆ ಕಂಡ ಮಗುವಿಗೆ ಚಿಮಣಿ ಇಲ್ಲದ ಮನೆಯಲ್ಲಿ ಏನೂ ಕೊರತೆ ಕಾಣುವುದಿಲ್ಲ. ಇದು ಸುಲಭವಾಗಿ ಹೊಳೆಯುವ ದೋಷ, ಎಲ್ಲರೂ ತಿದ್ದುತ್ತಾರೆ. ಹೊಳೆಯದಿರುವುದು ಇದರ ತಿರುಗು ದೋಷ: ಊರಿನ ವಸ್ತು ಹಾಕುವ ಹುರುಪಿನಲ್ಲಿ ಗೊರಬು (ಮಳೆಗೆ ಹೊದೆಯುವ ಎಲೆಯ ಹೊದಿಕೆ), ಹಾಳೆಟೊಪ್ಪಿ (ಅಡಿಕೆ ಹಾಳೆಯ ಟೊಪ್ಪಿ), ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಎಂದು ತುಂಬಿಬಿಡುವುದು. ತೀರ್ಥಹಳ್ಳಿ ಪೇಟೆಯ ಮಗುವಿಗೆ ಗೊರಬು ಗೊತ್ತಿರಬೇಕಾಗಿಲ್ಲ. ‘ಸಂಕದ ಮೇಲೆ ನೀರು ಬಂದಿದ್ದರೆ ಏನು ಮಾಡ್ತೀಯ?’ ಎಂಬ ಪ್ರಶ್ನೆಗೆ ಹಳ್ಳಿಯ ಮಗು ಯೋಚಿಸಿ ಉತ್ತರಿಸುವುದಿಲ್ಲ, ಮನೆಯಲ್ಲಿ ದಿನಾ ಹೇಳಿದ್ದನ್ನು ಒಪ್ಪಿಸುತ್ತದೆ. ವಿವೇಕ ಅಳೆಯಬೇಕಾದ ಐಟಂ ಬಾಯಿಪಾಠ ಅಳೆಯುತ್ತದೆ. ಬದಲಿ ವಸ್ತು ಎರಡು ತಾಲ್ಲೂಕಿನ ಪೇಟೆ, ಹಳ್ಳಿ ಎರಡೂ ಕಡೆಯ ಮಕ್ಕಳು ಹೆಸರಿಸಬಲ್ಲದ್ದೇ ಎಂದು ಮೊದಲು ಬರಿ ಚಿತ್ರ ತೋರಿಸಿ ಕೇಳಿ ನೋಡಿ. ಜೊತೆಗೆ ಮೂಲದ ಕಷ್ಟದ ಮಟ್ಟವೂ ಉಳಿಯಬೇಕು.

ರೇವನ್ ಕೊಟ್ಟರೆ ತಲೆನೋವಿಲ್ಲ ಎನ್ನುವುದನ್ನು ಒಪ್ಪಲಾರೆ. 36 ಐಟಂ, ಎ, ಎಬಿ, ಬಿ ಎಂದು ಹನ್ನೆರಡರ ಮೂರು ಗುಂಪು, ಬೆರಳಿಟ್ಟು ತೋರಿಸಿದರೆ ಸಾಕು, ನಿಜ. ಮಾತು ಬೇಡ ಎಂದರೆ ಸಂಸ್ಕೃತಿ ಬೇಡ ಎಂದಲ್ಲ. ಫ್ಲಿನ್ ನೋಡಿದ ಏರಿಕೆ ಅತಿ ಹೆಚ್ಚು ಇದ್ದದ್ದು ಈ ಬಗೆಯ ಪರೀಕ್ಷೆಗಳಲ್ಲೇ. ಪೂರ್ತಿ ಮಾತಿಲ್ಲದ ಪರೀಕ್ಷೆಯೂ ಕಾಲಕ್ಕೆ, ಶಾಲೆಗೆ, ಪರಿಸರಕ್ಕೆ ಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸರ್ಪೆಲ್ 1979ರಲ್ಲಿ ಜಾಂಬಿಯಾ ಮತ್ತು ಇಂಗ್ಲೆಂಡಿನ ಮಕ್ಕಳಿಗೆ ಒಂದೇ ಆಕೃತಿಯನ್ನು ಬೇರೆಬೇರೆ ಸಾಮಗ್ರಿಯಲ್ಲಿ ಮಾಡಲು ಹೇಳಿದರು: ಪೆನ್ಸಿಲಿನಲ್ಲಿ ಇಂಗ್ಲೆಂಡಿನ ಮಕ್ಕಳು ಮುಂದು, ತಂತಿ ಬಗ್ಗಿಸುವುದರಲ್ಲಿ ಜಾಂಬಿಯಾದವರು ಮುಂದು, ಜೇಡಿಮಣ್ಣಿನಲ್ಲಿ ಸಮ. ಬ್ಲಾಕ್ ಜೋಡಣೆ ಕೊಡುವಾಗ ಇದನ್ನು ನೆನಪಿಡಿ. ಅಂಕ ಹಾಕುವ ಮೊದಲು ಬ್ಲಾಕುಗಳನ್ನು ಮಗುವಿನ ಕೈಗೆ ಎರಡು ಮೂರು ನಿಮಿಷ ಕೊಡಿ, ಬಣ್ಣ ಯಾವ ಮುಖದಲ್ಲಿದೆ ಎಂದು ತಿರುಗಿಸಿ ನೋಡಲಿ. ಬೇಗ ಮುಗಿಸಿದ್ದಕ್ಕೆ ಹೆಚ್ಚುವರಿ ಅಂಕ ಇದ್ದರೆ ಸಮಯದ ಅಂಕ ಸೇರಿಸಿ ಒಂದು, ಸೇರಿಸದೆ ಒಂದು ಎಂದು ಎರಡೂ ಲೆಕ್ಕ ಇಟ್ಟುಕೊಳ್ಳಿ. ನಲಿ-ಕಲಿಯಲ್ಲಿ ತನ್ನ ವೇಗದಲ್ಲಿ ಕಾರ್ಡು ಮುಗಿಸಿ ರೂಢಿಯಾದ ಮಗುವಿಗೆ ಗಡಿಯಾರದ ಅವಸರವೇ ಹೊಸದು.

ರೇವನ್‌ನಲ್ಲಿ ಇನ್ನೊಂದು ತೊಂದರೆ ಆರು ಆಯ್ಕೆಗಳ ನಡುವೆ ಆರಿಸುವ ಅಭ್ಯಾಸ ಇಲ್ಲದಿರುವುದು. ಉತ್ತರಪತ್ರದಲ್ಲಿ ಒಂದೇ ಸ್ಥಾನದ ಆಯ್ಕೆ ಮತ್ತೆಮತ್ತೆ ಬಂದಿದ್ದರೆ ಆ ಮಗು ಸಮಸ್ಯೆ ಬಿಡಿಸಿಲ್ಲ, ಕೈಗೆ ಸಿಕ್ಕಿದ್ದನ್ನು ತೋರಿಸಿದೆ. ಅಂಕ ಮಾತ್ರವಲ್ಲ, ಯಾವ ಆಯ್ಕೆ ಎಂಬುದನ್ನೂ ಕಂಪ್ಯೂಟರಿಗೆ ಏರಿಸಿ.

ಕೊನೆಯದು, ಹೆಚ್ಚಿನವರು ಮರೆಯುವುದು: ನಿಲ್ಲಿಸುವ ನಿಯಮ. ಸತತ ನಾಲ್ಕು ತಪ್ಪಿದರೆ ನಿಲ್ಲಿಸು ಎಂಬ ನಿಯಮ ನಿಲ್ಲುವುದು ಐಟಂಗಳು ಸುಲಭದಿಂದ ಕಷ್ಟಕ್ಕೆ ಸಾಲಾಗಿವೆ ಎಂಬ ನಂಬಿಕೆಯ ಮೇಲೆ. ನಮ್ಮ ಮಕ್ಕಳಿಗೆ 6ರಿಂದ 9ನೇ ಐಟಂ ಅಪರಿಚಿತ, 10ರಿಂದ 14 ಸಲೀಸು ಎಂದಾದರೆ ಅವರು ಒಂಬತ್ತರಲ್ಲೇ ನಿಂತುಬಿಡುತ್ತಾರೆ, ಬರುತ್ತಿದ್ದ ಐದು ಅಂಕ ಹೋಯಿತು. ಪೈಲಟ್‌ನಲ್ಲಿ ಈ ನಿಯಮ ತೆಗೆದು ಎಲ್ಲ ಐಟಂ ಕೊಡಿ. ಪ್ರತಿ ಐಟಂ ಎಷ್ಟು ಮಕ್ಕಳಿಗೆ ಬಂತು ಎಂದು ನೋಡಿ ಕ್ರಮ ಹೊಸದಾಗಿ ಕಟ್ಟಿ, ಆಮೇಲೆ ನಿಯಮ ಹಾಕಿ.

ಕೆಲಸದ ಅನುಕ್ರಮ ಹೀಗಿರಲಿ: ಮೊದಲು 12-15 ಮಕ್ಕಳ ಜೊತೆ ಕೂತು, ಉತ್ತರ ಕೊಟ್ಟ ಮೇಲೆ ‘ನಾನು ಏನು ಮಾಡು ಅಂದೆ, ನೀನೇ ಹೇಳು ನೋಡೋಣ’ ಎಂದು ಕೇಳುವುದು. ತಿದ್ದಿ, ಮತ್ತೆ ಬೇರೆ 12 ಮಕ್ಕಳು. ಅದು ತಿಳಿಯಾದ ಮೇಲೆ 40-50 ಮಕ್ಕಳ ಪೈಲಟ್. ಇದಾಗುವ ತನಕ ನಿಮ್ಮ 120ಕ್ಕೆ ಕೈಹಾಕಬೇಡಿ. ಚಿತ್ರ ಬದಲಿಸುತ್ತೀರಾದರೆ ಪ್ರಕಾಶಕರ ಅನುಮತಿ ಪತ್ರ ಇನ್ನೊಮ್ಮೆ ಓದಿ. ಅನುವಾದದ ಅನುಮತಿ ಬದಲಾವಣೆಯ ಅನುಮತಿಯಲ್ಲ.

ಶಾಲೆಜಗಲಿ

ಐಟಂ ಎಷ್ಟು ತಿದ್ದಿದರೂ ಕೊಡುವ ಜಾಗ ಕೆಟ್ಟರೆ ಎಲ್ಲ ಕೆಟ್ಟಿತು. ಜೂನ್‌ನಿಂದ ಆಗಸ್ಟ್‌ವರೆಗೆ ಆಗುಂಬೆ, ನಗರದ (ಹಳೆಯ ಬಿದನೂರಿನ) ಕಡೆ ಅಂಕಿ ನೆನಪಿನ ಪರೀಕ್ಷೆ ಮಾಡಲೇಬೇಡಿ ಮಾರಾಯ್ರೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮಗುವಿನ ನೆನಪಲ್ಲ, ಕಿವಿ ಅಳೆದ ಹಾಗಾಗುತ್ತದೆ. ಕರೆಂಟು ಇರುವುದಿಲ್ಲ, ಕೋಣೆ ಕತ್ತಲು, ಚಿತ್ರದ ತೆಳು ಗೆರೆ ಕಾಣುವುದಿಲ್ಲ. ಮಳೆ ರಜೆ ಬೇರೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಹಾಜರಾತಿ ಹೇಗಿದೆ ಎಂದು ಆಯಾ ಶಾಲೆಯಲ್ಲಿ ಮೊದಲೇ ವಿಚಾರಿಸಿ. ಗೈರಾಗುವ ಮಕ್ಕಳೇ ನಿಮಗೆ ಬೇಕಾದ ಮಕ್ಕಳಾಗಿರಬಹುದು.

ಬೆಳಗಿನ ಹೊತ್ತು, ಮಗು ಏನಾದರೂ ತಿಂದ ಮೇಲೆ ಕೂರಿಸಿ. ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆ ಬಿಡಿ, ಒಗ್ಗರಣೆಯ ವಾಸನೆ ಬಂದ ಮೇಲೆ ಗಮನ ಅಲ್ಲೇ. ರಕ್ತಹೀನತೆ ಇರುವ ಮಗು ಬೇಗ ಬಳಲುತ್ತದೆ, ಆದ್ದರಿಂದ 30-40 ನಿಮಿಷದಂತೆ ಎರಡು ಸಲ ಕೂರಿಸಿ, ಸಬ್‌ಟೆಸ್ಟ್‌ಗಳ ಕ್ರಮ ಎಲ್ಲರಿಗೂ ಒಂದೇ ಇರಲಿ. ಟೀಚರ್ ಕೋಣೆಯಲ್ಲಿ ಇರಬಾರದು. ಅವರು ಒಳ್ಳೆಯ ಮನಸ್ಸಿನಿಂದಲೇ ‘ಹೇಳು ಪುಟ್ಟಾ, ಮೊನ್ನೆ ಹೇಳಿಕೊಟ್ಟಿದ್ನಲ್ಲ’ ಎನ್ನುತ್ತಾರೆ. ಮಕ್ಕಳು ದೊಡ್ಡವರೆದುರು ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದೇ ಮರ್ಯಾದೆ ಎಂದು ಕಲಿತಿರುತ್ತಾರೆ. ಮೌನವನ್ನು ‘ಗೊತ್ತಿಲ್ಲ’ ಎಂದು ಬರೆಯಬೇಡಿ, ಬೇರೆ ಗುರುತು ಹಾಕಿ. ‘ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು, ಪರವಾಗಿಲ್ಲ’ ಎಂಬ ಮಾತು ಬರಹದ ಸೂಚನೆಯಲ್ಲೇ ಇರಲಿ, ಎಲ್ಲ ಪರೀಕ್ಷಕರೂ ಒಂದೇ ತರ ಹೇಳಲಿ.

ಜನ್ಮದಿನಕ್ಕೆ ಶಾಲೆಯ ರಿಜಿಸ್ಟರ್ ಒಂದನ್ನೇ ನಂಬಬೇಡಿ. ಜೂನ್ 1 ಎಂದು ಇದ್ದರೆ ಅನುಮಾನ ಇಟ್ಟುಕೊಂಡು ತಾಯಿ ಕಾರ್ಡ್, ಜನನ ಪ್ರಮಾಣಪತ್ರ ಅಥವಾ ಅಂಗನವಾಡಿ ದಾಖಲೆ ಕೇಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯ ಜೊತೆಗೆ 7 ವರ್ಷ ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿಯೂ ಬೇಕು. ಬೇಡ ಎಂದರೆ ಬೇಡ, ಪೆಪ್ಪರಮೆಂಟು ಕೊಟ್ಟು ಒಪ್ಪಿಸುವುದಲ್ಲ.

ತುಂಗಾದಂಡೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ನಾರ್ಮ್ಸ್ ಕೈಬಿಡುತ್ತೇವೆ, ಪೈಲಟ್ ಎರಡು ಹಂತದಲ್ಲಿ ಆಗಲಿದೆ. ಮೂರು ಸಂದೇಹ ಉಳಿದಿವೆ. ಈಗಿನ ಮಕ್ಕಳಿಗೆ ಅಂಕಿಗಳು ಒನ್, ಟೂ, ತ್ರೀ ಎಂದೇ ಬಾಯಿಗೆ ಬರುತ್ತವೆ, ಇಂಗ್ಲಿಷಿನಲ್ಲಿ ಕೊಡಬಾರದೇಕೆ? ಆಲ್ಫಾ ಸಾಲದು ಎಂದರೆ ಇನ್ನೇನು ತೋರಿಸಬೇಕು, ಎಷ್ಟು ಮಕ್ಕಳು ಬೇಕು? ಮನೆಮಾತು ಬೇರೆ ಇರುವವರನ್ನು ಬಿಟ್ಟುಬಿಡಬೇಕೆ?

ಕಾಲುಸಂಕ

ಅಂಕಿಯ ಪ್ರಶ್ನೆಗೆ ಮಾತ್ರ. ಊಹೆ ಬೇಡ, ಪೈಲಟ್‌ನಲ್ಲೇ ನೋಡಿ. ಮಗುವಿಗೆ ಹತ್ತು ಬೀಜ ಕೊಟ್ಟು ಎಣಿಸಲು ಹೇಳಿ, ಯಾವ ಭಾಷೆಯಲ್ಲಿ ಎಣಿಸಿತು ಎಂದು ಬರೆದುಕೊಳ್ಳಿ. ಹೆಚ್ಚಿನವರು ಕನ್ನಡದಲ್ಲಿ ಎಣಿಸಿದರೆ ಎಲ್ಲರಿಗೂ ಕನ್ನಡ. ಅರ್ಧಕ್ಕರ್ಧ ಆದರೂ ಒಂದೇ ಭಾಷೆ ಹಿಡಿಯಿರಿ, ಮಗುವಿಗೆ ಇಷ್ಟದ ಭಾಷೆ ಎಂದು ಬಿಟ್ಟರೆ ಅಂಕಗಳು ಒಂದರ ಪಕ್ಕ ಒಂದು ಇಡಲಾಗದಂತೆ ಆಗುತ್ತವೆ. ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳಿರುತ್ತಾರೆ. ಕ್ರಮ ಸರಿ ಇದ್ದರೆ ಅಂಕ ಕೊಡಿ, ಆದರೆ ಗುರುತು ಹಾಕಿಕೊಳ್ಳಿ.

ಮಾಪನಕಟ್ಟೆ

ಉಳಿದೆರಡಕ್ಕೆ ನಾನು.

ಆಲ್ಫಾ ಇಲ್ಲಿ ಎರಡು ಕಡೆ ಮೋಸ ಮಾಡುತ್ತದೆ. ನಿಲ್ಲಿಸುವ ನಿಯಮದ ಆಚೆಗಿನ ಐಟಂಗಳಿಗೆಲ್ಲ ಸೊನ್ನೆ ತುಂಬುತ್ತೀರಿ, ಆ ಸೊನ್ನೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿ ಆಲ್ಫಾ ಉಬ್ಬುತ್ತದೆ. ವೇಗದ ಸಬ್‌ಟೆಸ್ಟ್‌ಗಳಲ್ಲಿ ಅದಕ್ಕೆ ಅರ್ಥವೇ ಇಲ್ಲ. ಬದಲಿಗೆ 40-50 ಮಕ್ಕಳಿಗೆ ಎರಡು ಮೂರು ವಾರ ಬಿಟ್ಟು ಅದೇ ಪರೀಕ್ಷಕರಿಂದ ಮತ್ತೊಮ್ಮೆ ಕೊಡಿಸಿ, ಎರಡು ಸಲದ ಅಂಕ ಎಷ್ಟು ಹೊಂದುತ್ತವೆ, ಎರಡನೇ ಸಲ ಎಷ್ಟು ಏರಿತು ಎರಡನ್ನೂ ಬರೆಯಿರಿ. ಮಾತಿನ ಉತ್ತರ ಇರುವ ಸಬ್‌ಟೆಸ್ಟ್‌ಗಳ 30 ಉತ್ತರಪತ್ರಗಳಿಗೆ ಇಬ್ಬರು ಒಬ್ಬರದ್ದೊಬ್ಬರು ನೋಡದೆ ಅಂಕ ಹಾಕಲಿ. ವಿಶ್ವಾಸಾರ್ಹತೆ (ಮತ್ತೆ ಅಳೆದರೆ ಅಂಕ ಎಷ್ಟು ಸ್ಥಿರ ಎಂಬ ಅಳತೆ, 1 ಎಂದರೆ ಪೂರ್ತಿ ಸ್ಥಿರ) 0.90 ಬಂದರೂ, ಹರಡಿಕೆ 15 ಇರುವ ಮಾಪಕದಲ್ಲಿ ಅಳತೆಯ ದೋಷ 4.7 ಅಂಕ, ಒಂದು ಮಗುವಿನ ಅಂಕದ ಆಚೀಚೆ 9 ಬಿಡಬೇಕು. 0.80 ಆದರೆ ಆಚೀಚೆ 13. ಒಂದೊಂದು ಮಗುವಿನ ಬಗ್ಗೆ ಈ ಪರೀಕ್ಷೆಯಿಂದ ಮಾತಾಡಬೇಡಿ ಎನ್ನುವುದು ಇದಕ್ಕೇ.

ಸಿಂಧುತ್ವಕ್ಕೆ ಮೊದಲ ಸಾಕ್ಷಿ ವಯಸ್ಸು. ಕಚ್ಚಾ ಅಂಕ 6ರಿಂದ 9ಕ್ಕೆ ಪ್ರತಿ ಸಬ್‌ಟೆಸ್ಟ್‌ನಲ್ಲೂ ಏರಬೇಕು. ಏರದ ಸಬ್‌ಟೆಸ್ಟ್ ಏನನ್ನು ಅಳೆಯುತ್ತಿದೆಯೋ ದೇವರೇ ಬಲ್ಲ, ಅದನ್ನು ಬಿಡಿ. ಆರು ವರ್ಷದವರಲ್ಲಿ ಅರ್ಧದಷ್ಟು ಜನ ಸೊನ್ನೆ ಅಥವಾ ಒಂದು ಅಂಕದಲ್ಲಿ ಗುಂಪಾಗಿದ್ದರೆ ಕೆಳಗೆ ಸುಲಭದ ಐಟಂ ಸೇರಿಸಬೇಕು, ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಎರಡು ಗುಂಪಿನ ವ್ಯತ್ಯಾಸ ಕಾಣುವುದೇ ಇಲ್ಲ. ಎರಡನೆಯದು, ನೆನಪಿನ ಸಬ್‌ಟೆಸ್ಟ್‌ಗಳು ನೆನಪಿನವುಗಳ ಜೊತೆ, ತರ್ಕದವು ತರ್ಕದವುಗಳ ಜೊತೆ ಕೂಡುತ್ತವೆಯೇ ಎಂಬ ಅಂಶ ವಿಶ್ಲೇಷಣೆ. ಇದಕ್ಕೆ 200ಕ್ಕಿಂತ ಕಡಿಮೆ ಮಕ್ಕಳಲ್ಲಿ ಭರವಸೆ ಇಡಬೇಡಿ. ಮೂರನೆಯದು ಹೊರಗಿನ ಹೋಲಿಕೆ. ಶಾಲೆಯ ಗ್ರೇಡ್ ಹಿಡಿಯಬೇಡಿ, ಹೆಚ್ಚಿನ ಮಕ್ಕಳು ಒಂದೆರಡು ಗ್ರೇಡಿನಲ್ಲೇ ಗುಂಪಾಗಿರುತ್ತಾರೆ. ನೀವೇ ಒಂದು ನಿಮಿಷದ ಗಟ್ಟಿ ಓದು, ಹತ್ತು ಲೆಕ್ಕ ಕೊಡಿ. ಬುದ್ಧಿಮತ್ತೆಯ ಅಂಕದ ಜೊತೆ ಮಧ್ಯಮ ಸಂಬಂಧ ಬರಬೇಕು. ಅತಿ ಹೆಚ್ಚು ಬಂದರೆ ನಿಮ್ಮ ಪರೀಕ್ಷೆ ಶಾಲೆಯ ಕಲಿಕೆಯನ್ನೇ ಇನ್ನೊಂದು ಹೆಸರಿನಲ್ಲಿ ಅಳೆಯುತ್ತಿರಬಹುದು.

ನಿಮ್ಮ ಅಧ್ಯಯನಕ್ಕೆ ಎಲ್ಲಕ್ಕಿಂತ ಮುಖ್ಯ, ರಕ್ತಹೀನತೆ ಇರುವ ಮತ್ತು ಇಲ್ಲದ ಗುಂಪುಗಳಲ್ಲಿ ಪರೀಕ್ಷೆ ಒಂದೇ ರೀತಿ ನಡೆದುಕೊಳ್ಳುತ್ತದೆಯೇ ಎಂಬುದು. ಮೊದಲು ರಚನೆ ಒಂದೇ ಇದೆಯೇ, ಆಮೇಲೆ ಸಬ್‌ಟೆಸ್ಟ್‌ಗಳ ತೂಕ ಸಮವೇ, ಕೊನೆಗೆ ಆರಂಭದ ಮಟ್ಟ (ಸಾಮರ್ಥ್ಯ ಒಂದೇ ಇದ್ದಾಗ ಸಬ್‌ಟೆಸ್ಟ್‌ನಲ್ಲಿ ಬರುವ ಅಂಕ) ಸಮವೇ ಎಂದು ಹಂತಹಂತವಾಗಿ ಕಟ್ಟು ಬಿಗಿಯುತ್ತ ಹೋಗುವುದು. ಒಂದು ಹಂತದಿಂದ ಇನ್ನೊಂದಕ್ಕೆ ಸಿಎಫ್‌ಐ (ಊಹಿಸಿದ ರಚನೆ ಅಂಕಗಳಿಗೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಕುಸಿದರೆ ಅಲ್ಲಿ ನಿಲ್ಲಬೇಕು, ಅದು ಚುಂಗ್ ಮತ್ತು ರೆನ್ಸ್‌ವೋಲ್ಡ್ 2002ರಲ್ಲಿ ಕೊಟ್ಟ ಅಳತೆ. ಮೂರನೇ ಹಂತ ದಾಟದಿದ್ದರೆ ಸರಾಸರಿಗಳನ್ನು ಹೋಲಿಸುವ ಹಕ್ಕಿಲ್ಲ. ಯಾವ ಸಬ್‌ಟೆಸ್ಟ್ ಕೆಡಿಸಿತು ಎಂದು ಹುಡುಕಿ, ಅದನ್ನು ತೆಗೆದು ಮತ್ತೆ ನೋಡಿ.

ಎಷ್ಟು ಮಕ್ಕಳು ಎಂಬುದಕ್ಕೆ ಮಲೆನಾಡಿನದ್ದೇ ಒಂದು ಅನುಕೂಲ ಇದೆ. ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ. ಶಾಲೆಗೆ 10ರಂತೆ 24 ಶಾಲೆಯಿಂದ 240 ಮಕ್ಕಳು ತೆಗೆದರೆ, ಆ ಹೋಲಿಕೆ 0.15 (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರೂ ಒಂದೇ) ಎಂದಿಟ್ಟುಕೊಂಡರೂ, ಲೆಕ್ಕಕ್ಕೆ ಸಿಗುವುದು ಸುಮಾರು 102 ಮಕ್ಕಳ ಬಲ. ಶಾಲೆಗೆ 4ರಂತೆ 60 ಶಾಲೆಯಿಂದ ತೆಗೆದರೆ ಅದೇ 240ಕ್ಕೆ 165ರ ಬಲ. ನಮ್ಮ ಕಡೆ ಶಾಲೆಗಳು ಹೇಗೂ ಚಿಕ್ಕವು, ಓಡಾಟ ಹೆಚ್ಚಾದರೂ ಹಾಗೇ ಮಾಡಿ. ಪ್ರತಿ ಪರೀಕ್ಷಕರೂ ಎರಡೂ ಗುಂಪಿನ ಮಕ್ಕಳನ್ನು ನೋಡಬೇಕು, ಯಾವ ಮಗುವಿನ ಹಿಮೋಗ್ಲೋಬಿನ್ ಎಷ್ಟು ಎಂದು ಅವರಿಗೆ ಗೊತ್ತಿರಬಾರದು. ರಕ್ತ ತೆಗೆಯುವುದು ಪರೀಕ್ಷೆ ಮುಗಿದ ಮೇಲೆ, ಬೇರೆಯವರಿಂದ. ಸೂಜಿ ಕಂಡ ಮಗು ಆಮೇಲೆ ಒಗಟು ಬಿಡಿಸುವುದಿಲ್ಲ.

ಮನೆಮಾತು ಬೇರೆ ಇರುವವರನ್ನು ಬಿಡಬೇಡಿ, ಬಿಟ್ಟರೆ ನಿಮ್ಮದು ಮಲೆನಾಡಿನ ಶಾಲೆಯ ಅಧ್ಯಯನವಾಗುವುದಿಲ್ಲ. ಮನೆಯಲ್ಲಿ ಯಾವ ಮಾತು, ಕನ್ನಡ ಶುರುವಾದದ್ದು ಅಂಗನವಾಡಿಯಲ್ಲೋ ಒಂದನೇ ತರಗತಿಯಲ್ಲೋ, ಇಷ್ಟನ್ನು ಪೋಷಕರಿಂದ ಕೇಳಿ ಬರೆದುಕೊಳ್ಳಿ. ಐಟಂ ಪಕ್ಷಪಾತ (ಸಾಮರ್ಥ್ಯ ಒಂದೇ ಇದ್ದರೂ ಒಂದು ಗುಂಪಿಗೆ ಐಟಂ ಹೆಚ್ಚು ಕಷ್ಟವಾಗುವುದು) ನೋಡುವ ಮ್ಯಾಂಟೆಲ್-ಹೆನ್ಸೆಲ್ ವಿಧಾನಕ್ಕೆ ಗುಂಪಿಗೆ 200 ಮಕ್ಕಳಾದರೂ ಇದ್ದರೆ ಒಳ್ಳೆಯದು. ನಿಮ್ಮಲ್ಲಿ ಉರ್ದು ಮನೆಯವರು 40, ತುಳುವಿನವರು 30 ಸಿಕ್ಕಾರು. ಅಷ್ಟರಲ್ಲಿ ಸಂಖ್ಯಾಶಾಸ್ತ್ರದ ತೀರ್ಪು ಹೊರಡಿಸಬೇಡಿ. ಒಟ್ಟು ಅಂಕ ಒಂದೇ ಇರುವ ಕನ್ನಡ ಮನೆಯ ಮಕ್ಕಳ ಪಕ್ಕದಲ್ಲಿಟ್ಟು, ಯಾವ ಐಟಂನಲ್ಲಿ ಇವರು ಎದ್ದು ಕಾಣುವಷ್ಟು ಹಿಂದೆ ಬಿದ್ದಿದ್ದಾರೆ ಎಂದು ಪಟ್ಟಿ ಮಾಡಿ, ಆ ಮಾತು ಬಲ್ಲ ಟೀಚರ್ ಒಬ್ಬರ ಜೊತೆ ಕೂತು ಐಟಂ ಓದಿ. ಮಾತಿನ ಸಬ್‌ಟೆಸ್ಟ್‌ಗಳ ಫಲಿತಾಂಶವನ್ನು ಈ ಮಕ್ಕಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಕೊಡಿ.

ಶಾಲೆಜಗಲಿ

ಒಂದು ಸೇರಿಸುತ್ತೇನೆ. ಪರೀಕ್ಷೆ ಮುಗಿದ ದಿನ ಅಪ್ಪ ಅಮ್ಮ ಬಾಗಿಲಲ್ಲಿ ನಿಂತು ‘ನಮ್ಮ ಮಗೂಗೆ ಎಷ್ಟು ಬಂತು’ ಎಂದು ಕೇಳುತ್ತಾರೆ, ಹೆಡ್‌ಮಾಸ್ಟರೂ ಪಟ್ಟಿ ಕೇಳುತ್ತಾರೆ. ಅಂಕ ಯಾರಿಗೂ ಕೊಡುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಬರೆದು, ಮೊದಲ ದಿನವೇ ಓದಿ ಹೇಳಿ. ಹಿಮೋಗ್ಲೋಬಿನ್ ಮಾತ್ರ ಅವತ್ತೇ ತಿಳಿಸಬೇಕು, ಕಡಿಮೆ ಇದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೆದುಕೊಡಬೇಕು. ಮಾತು, ನಡವಳಿಕೆ, ಕಲಿಕೆಯಲ್ಲಿ ಯಾವುದಾದರೂ ಮಗುವಿನ ಬಗ್ಗೆ ನಿಜಕ್ಕೂ ಕಳವಳ ಎನಿಸಿದರೆ ನಿಮ್ಮ ಅಂಕ ತೋರಿಸಬೇಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೆ ಹೆಸರು ಕೊಡಿ. ಅವರು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳಿಸುತ್ತಾರೆ. ಅಂಗವಿಕಲತೆ ಪ್ರಮಾಣಪತ್ರಕ್ಕೆ ಯಾವ ಪರೀಕ್ಷೆ ಬಳಸಬೇಕು ಎಂಬುದಕ್ಕೆ ಸರ್ಕಾರದ ಪ್ರತ್ಯೇಕ ಮಾರ್ಗಸೂಚಿ ಇದೆ, ನಿಮ್ಮ ಹೊಂದಿಸಿದ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಈ ಸಾಲನ್ನು ಮ್ಯಾನ್ಯುಯಲ್ಲಿನ ಮೊದಲ ಪುಟದಲ್ಲೇ ಅಚ್ಚು ಹಾಕಿಸಿ.